ಗಜ ಹಾಕದ ಕೋವಿ

ಶಿರಸಿ
6 ಜೂನ್ 2019

ಪ್ರೀತಿಯ ಉಲ್ಲಾಸನಿಗೆ ಇಕ್ಬಾಲ್ ಭಾಯಿಯ ಸಲಾಂ.

ಹದಿನೇಳು ಸಲ ಫೋನ್ ಮಾಡಿದೆ. ಮೊದಮೊದಲು ರಿಂಗ್ ಆಗುತ್ತಿತ್ತು, ಈಗ ಅದೂ ಇಲ್ಲ. ನಿನ್ನ ಅಪ್ಪ ಬೈರಣ್ಣನ ತಿಥಿಯ ಊಟಕ್ಕೆ ಬಂದರೆ ನಿನ್ನ ಕೆರಿಯ ಚಿಕ್ಕಪ್ಪ ಬೇಲಿಯ ದಣಪೆಯ ಹತ್ತಿರವೇ ನಿಂತು, "ಅತ್ತಿಗೆಗೆ ಹುಷಾರಿಲ್ಲ, ಇವತ್ತು ಬ್ಯಾಡ ಭಾಯಿ" ಎಂದ. ನೀನು ಅಂಗಳದಲ್ಲಿ ಎಲೆ ಹಾಸುತ್ತಿದ್ದೆ. ನನ್ನನ್ನು ನೋಡಿದೆ. ನೋಡಲಿಲ್ಲ ಎನ್ನಬೇಡ. ಅದಕ್ಕೇ ಪೋಸ್ಟ್ ಆಫೀಸಿಗೆ ಹೋಗಿ ಇನ್‌ಲ್ಯಾಂಡ್ ಪತ್ರ ಕೇಳಿದೆ. ಕೌಂಟರಿನವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲೋ ಒಳಗಿಂದ ಹುಡುಕಿ ತಂದುಕೊಟ್ಟಳು.

ನಾವೀಗ ಶಿರಸಿಯಲ್ಲಿದ್ದೇವೆ. ಜೀಪು ಯಲ್ಲಾಪುರ ಸ್ಟೇಷನ್ನಿನ ಅಂಗಳದಲ್ಲಿ ನಿಂತಿದೆ. ಜೀಪಿಲ್ಲದ ಡ್ರೈವರನಿಗೆ ಯಲ್ಲಾಪುರದಲ್ಲಿ ಏನು ಕೆಲಸ ಹೇಳು. ಶಾಕಿರಾಳನ್ನೂ ಮಕ್ಕಳನ್ನೂ ಕರೆದುಕೊಂಡು ತಂಗಿ ಅಫ್ಸಾನಾಳ ಮನೆಗೆ ಬಂದೆ. ಅವಳ ಗಂಡ ಮೊಯಿನನ ಅಂಗಡಿಯಲ್ಲಿ ಗಾಡಿಗಳ ಸೀಟಿಗೆ ಕವರ್ ಹೊಲಿಯುತ್ತೇನೆ. ಸ್ಟೇರಿಂಗ್ ಹಿಡಿದ ಕೈಗೆ ಸೂಜಿ ಬಂದಿದೆ.

ಪೊಲೀಸರು ನಿನ್ನ ಹೇಳಿಕೆಯನ್ನು ನನಗೆ ಓದಿ ಹೇಳಿದರು. "ಕೋವಿಯಲ್ಲಿ ಮದ್ದು ಇದ್ದದ್ದು ನನಗೆ ಗೊತ್ತಿಲ್ಲ. ನೋಡಿ, ಇಟ್ಟು, ಒಯ್ಯುವುದು ಜೀಪಿನವನ ಜವಾಬ್ದಾರಿ." ನಿರ್ಲಕ್ಷ್ಯದಿಂದ ಸಾವು ಎಂದು ನನ್ನ ಮೇಲೆ ಕೇಸು. ನೀನು ದುಃಖದಲ್ಲಿ ಏನೋ ಹೇಳಿರಬೇಕು ಅಂದುಕೊಂಡಿದ್ದೇನೆ. ಅದಕ್ಕೇ ಆ ದಿನದ್ದನ್ನು ಮೊದಲಿಂದ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಎಲೆಕ್ಷನ್ ಬಂತೆಂದರೆ ಬೆಳೆ ಕಾಯುವ ಕೋವಿಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕು. ನನ್ನ ಅಪ್ಪನ ಕಾಲದಿಂದ ಇಡಗುಂದಿ ಕಡೆಯ ಕೋವಿಗಳು ನಮ್ಮ ಜೀಪಿನಲ್ಲೇ ಹೋಗಿವೆ, ಲೈಸೆನ್ಸಿನವರು ಜೊತೆಗೆ ಕೂತು. ಈ ಸಲ ಉಳಿದವರದ್ದೆಲ್ಲ ಮಾರ್ಚಿನಲ್ಲೇ ಮುಟ್ಟಿತ್ತು. ಬೈರಣ್ಣನಿಗೆ ಜ್ವರ ಬಂದು ನಿಮ್ಮದೊಂದು ಉಳಿದಿತ್ತು. ಗಡುವು ದಾಟಿತು ಎಂದು ಸ್ಟೇಷನ್ನಿನಿಂದ ಫೋನ್ ಬಂತು, ನೀನು ನನಗೆ ಫೋನ್ ಮಾಡಿದೆ. ಏಪ್ರಿಲ್ ನಾಲ್ಕು, ಗುರುವಾರ. ಬೆಳಿಗ್ಗೆ ಹತ್ತಕ್ಕೆ ಬಂದೆ. ಜಗುಲಿಯಲ್ಲಿ ಕೋವಿ ಒರಗಿತ್ತು. ನಾನು ಕೇಳಿದೆ, "ಖಾಲಿಯಾ?" ನೀನು ಅಂದೆ, "ಖಾಲಿ, ತಗಂಡು ಹೋಗು." ಕಂಬಳಿಯಲ್ಲಿ ಸುತ್ತಿ ಹಿಂದೆ ಮಲಗಿಸಿದೆ. ಬೈರಣ್ಣ ನನ್ನ ಪಕ್ಕ ಕೂತ. ಸ್ಟೇಷನ್ನಿನ ಅಂಗಳದಲ್ಲಿ ನಾನು ಬ್ರೇಕ್ ಎಳೆದು ಇಳಿಯುವುದರೊಳಗೆ ಅವನು ಹಿಂದಿನ ಬಾಗಿಲು ತೆಗೆದು ಕೋವಿ ಎಳೆದ. ಮದ್ದಿಗೆ ಕಿಡಿ ಹೊಡೆಯುವ ಕೋವಿಯ ಕುದುರೆ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಆಮೇಲಿನದ್ದನ್ನು ಬರೆಯಲು ಕೈ ಬರುವುದಿಲ್ಲ.

ನಾನು ಕೇಳುವುದು ಒಂದೇ. ಖಾಲಿ ಎಂದು ನೀನು ಹೇಳಿದ್ದೆ ಎಂದು ಪೊಲೀಸರಿಗೆ ಹೇಳು. ಬೇಕೆಂದು ಹೇಳಿದೆ ಎನ್ನಬೇಡ, ಮರೆತಿತ್ತು ಎನ್ನು. ಮರೆವಿಗೆ ಯಾರೂ ಗಲ್ಲು ಹಾಕುವುದಿಲ್ಲ.

ಮಂಜಿ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಹೆಂಡತಿ ಮಮತಾಳಿಗೂ.

ನಿನ್ನ
ಇಕ್ಬಾಲ್

*

ಇಡಗುಂದಿ
2 ಜುಲೈ 2019

ಇಕ್ಬಾಲ್ ಭಾಯಿಗೆ,

ನಿನ್ನ ಪತ್ರ ಬಂತು. ಪತ್ರ ಬರೆಯಬೇಡ, ಫೋನೂ ಮಾಡಬೇಡ ಎಂದು ವಕೀಲರು ಹೇಳಿದ್ದಾರೆ. ಆದರೂ ಇದೊಂದು ಬರೆಯುತ್ತಿದ್ದೇನೆ, ನೀನು ಬೇರೆ ಅಲ್ಲ ಎಂದು.

ಆ ದಿನ ನಾನು ಖಾಲಿ ಎಂದೆನೋ ಏನೆಂದೆನೋ ನನಗೆ ನೆನಪಿಲ್ಲ. ಬೆಳಗಿನ ಗಡಿಬಿಡಿ ನಿನಗೇ ಗೊತ್ತು. ಅಪ್ಪನೇ ಮದ್ದು ತುಂಬಿಟ್ಟಿರಬೇಕು. ಜ್ವರದ ತಲೆ, ವಯಸ್ಸು ಬೇರೆ. ಹೋದವರ ಮೇಲೆ ಹೊರಿಸುತ್ತೇನೆ ಎಂದು ತಿಳಿಯಬೇಡ, ಇರುವುದನ್ನು ಹೇಳಿದೆ.

ನನಗೂ ಒಂದು ಕೇಳುವುದಿದೆ. ಕೋವಿಯ ಬಾಯಿ ಯಾವಾಗಲೂ ಡ್ರೈವರನ ಕಡೆಗೇ ಇರಬೇಕು ಎಂಬುದು ನಿನ್ನ ಕಾನೂನಾಗಿತ್ತು. "ಬಾಯಿ ನನ್ನ ಬೆನ್ನಿಗಿದ್ದರೆ ನಾನೇ ನೆಟ್ಟಗೆ ನೋಡ್ಕಳ್ತೆ" ಎಂದು ನೀನೇ ನಗಾಡುತ್ತಿದ್ದೆ. ಹತ್ತೂರಿಗೆ ಗೊತ್ತಿದೆ. ಆ ದಿನ ಬಾಯಿ ಹಿಂದಿನ ಬಾಗಿಲಿಗೆ ಹೇಗಾಯಿತು? ಹೊಸ ರಸ್ತೆ ಕೆಲಸದ ಗುಂಡಿಗಳಲ್ಲಿ ನಿನ್ನ ಬೆನ್ನು ಉಳಿಸಿಕೊಂಡೆಯಾ? ಊರವರು ಹೀಗೇ ಮಾತಾಡುತ್ತಾರೆ. ನಾನು ಹೇಳುತ್ತಿಲ್ಲ.

ಅವ್ವ ನಿನ್ನ ಹೆಸರು ಕೇಳಿದರೆ ಊಟದ ಎಲೆ ಬಿಟ್ಟು ಏಳುತ್ತಾಳೆ. ಅದಕ್ಕೇ ಈಚೆ ಬರಬೇಡ. ಅವಳ ಆರೋಗ್ಯದ ದೃಷ್ಟಿಯಿಂದ ಹೇಳಿದ್ದು.

ಉಲ್ಲಾಸ

*

ಶಿರಸಿ
20 ಜುಲೈ 2019

ಉಲ್ಲಾಸ,

ಬಾಯಿ ಹಿಂದಕ್ಕೆ ಹೇಗಾಯಿತು ಎಂದು ಕೇಳಿದ್ದೀಯ. ಪೊಲೀಸರೂ ಕೇಳಿದರು. ಅವರಿಗೆ ಹೇಳಲಿಲ್ಲ, ನಿನಗೂ ಹೇಳುವುದಿಲ್ಲ. ನಾನು ಹೆದರಿ ತಿರುಗಿಸಿದೆ ಎಂದು ನಂಬಿದರೆ ನಿನಗೆ ಸಮಾಧಾನವಾಗುತ್ತದೆಯೋ, ನಂಬು.

ಆದರೆ ಮದ್ದು ತುಂಬಿದ್ದು ಬೈರಣ್ಣ ಎಂದು ಬರೆದೆಯಲ್ಲ, ಆ ಸಾಲನ್ನು ಎರಡು ಸಲ ಓದಿದೆ. ನಾಲ್ಕು ದಿನ ಮಲಗಿದ ಮನುಷ್ಯ. ಜೀಪು ಹತ್ತಲು ನಾನು ತೋಳು ಕೊಟ್ಟೆ. ಅವನು ಮದ್ದು ಹಾಕಿ, ತೆಂಗಿನ ನಾರಿನ ಬಿರಡೆ ಜಡಿದು, ಕುದುರೆಯಡಿಗೆ ಕಿಡಿಯ ಕೇಪು ಕೂರಿಸಿದನೇ? ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನಲ್ಲ ನಾನು.

ನನ್ನ ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿದೆ. ನಾನೇ ಬರೆಯುತ್ತೇನೆ. ನಾನು ಗಜ ಹಾಕಲಿಲ್ಲ.

ನಿಮ್ಮ ಕೋವಿಯ ಗಜ, ಆ ಬೈನೆ ಮರದ ಕೋಲು, ನನ್ನ ಕಣ್ಣೆದುರಿಗೇ ಇದೆ. ನಳಿಗೆಯ ಬಾಯಿಂದ ಅದನ್ನು ಇಳಿಬಿಟ್ಟರೆ ಖಾಲಿ ಕೋವಿಯಲ್ಲಿ ಬೈರಣ್ಣ ಕೊರೆದ ಗೆರೆಯವರೆಗೆ ಇಳಿಯಬೇಕು. ಒಳಗೆ ಮದ್ದಿದ್ದರೆ ಗೆರೆ ನಾಲ್ಕು ಬೆರಳು ಮೇಲೇ ನಿಲ್ಲುತ್ತದೆ. ಒಂದು ನಿಮಿಷದ ಕೆಲಸ. ಇಪ್ಪತ್ತೆರಡು ವರ್ಷ ಪ್ರತಿ ಕೋವಿಗೂ ಹಾಕಿದ್ದೇನೆ. ನನ್ನ ಜೀಪಿನಲ್ಲಿ ಹೋದ ಒಂದು ಕೋವಿಯೂ ದಾರಿಯಲ್ಲಿ ಮಾತಾಡಿರಲಿಲ್ಲ.

ಆ ದಿನ ಯಾಕೆ ಹಾಕಲಿಲ್ಲ? ಹಿಂದಿನ ವರ್ಷದ ಎಲೆಕ್ಷನ್ ನೆನಪು ಮಾಡಿಕೋ. ನಿಮ್ಮ ಜಗುಲಿಯಲ್ಲಿ ಐದಾರು ಜನ ಕೂತಿದ್ದರು. ಮಮತಾ ಕೊಟ್ಟ ಚಹಾ ಕುಡಿದು ನಾನು ಗಜ ಕೈಗೆತ್ತಿಕೊಂಡೆ. ನೀನು ಎಲ್ಲರ ಎದುರು ಕೇಳಿದೆ, "ನನ್ ಮಾತಿನ್ ಮೇಲೆ ಗಜ ಹಾಕ್ತ್ಯಾ ಭಾಯಿ?" ಯಾರೋ ನಕ್ಕರು. ನಾನು ಹಾಕಿಯೇ ನೋಡಿದೆ. ಖಾಲಿಯೇ ಇತ್ತು. ಆಮೇಲೆ ಎರಡು ತಿಂಗಳು ನೀನು ನನ್ನ ಜೀಪು ಹತ್ತಲಿಲ್ಲ, ಯಲ್ಲಾಪುರ ಪೇಟೆಯಲ್ಲಿ ಎದುರು ಸಿಕ್ಕರೂ ಮೊಬೈಲು ನೋಡಿಕೊಂಡು ಹೋದೆ. ಹಾಗಾಗಿ ಈ ವರ್ಷ ನೀನು "ಖಾಲಿ" ಎಂದಾಗ ನಾನು ಗಜದ ಕಡೆ ನೋಡಿದೆ, ನಿನ್ನ ಮುಖ ನೋಡಿದೆ, ಕಂಬಳಿ ಬಿಡಿಸಿದೆ. ಮರ್ಯಾದೆಗೆ ಅಂಜಿದೆ. ಚಹಾ ಕುಡಿದ ಮನೆಯ ಮಾತನ್ನು ಅಳೆಯಬಾರದು ಅಂದುಕೊಂಡೆ.

ಅರ್ಧ ನನ್ನದು. ಒಪ್ಪಿದ್ದೇನೆ. ಇನ್ನರ್ಧ ಯಾರದ್ದು?

ಇಕ್ಬಾಲ್

*

ಇಡಗುಂದಿ
29 ನವೆಂಬರ್ 2019

ಇಕ್ಬಾಲ್ ಭಾಯಿಗೆ,

ನಾಲ್ಕು ತಿಂಗಳು ಬರೆಯಲಾಗಲಿಲ್ಲ. ನಿನ್ನ ಪತ್ರವನ್ನು ಒಲೆಗೆ ಹಾಕಿದೆ. ಸಿಟ್ಟಿನಿಂದಲ್ಲ, ಯಾರ ಕೈಗಾದರೂ ಸಿಕ್ಕರೆ ಎಂದು. ನನ್ನ ಪತ್ರಗಳನ್ನೂ ನೀನು ಹಾಗೇ ಮಾಡು.

ಇಲ್ಲಿ ಉಪಚುನಾವಣೆ. ಕೋವಿ ಒಯ್ಯಲು ಯಾವ ಗಾಡಿಯವನೂ ಒಪ್ಪಲಿಲ್ಲ. ನಮ್ಮ ಕೇರಿಯವರು ಕಂಬಳಿ ಸುತ್ತಿಕೊಂಡು ಬಸ್ಸಿಗೆ ನಿಂತರೆ ಕಂಡಕ್ಟರ್ ಇಳಿಸಿದನಂತೆ. ಕೊನೆಗೆ ಬೈಕಿನ ಹಿಂದೆ ಕೂತು ಹೋದರು. "ಇಕ್ಬಾಲ ಇದ್ದಿದ್ರೆ" ಎಂದು ಕೆರಿಯ ಚಿಕ್ಕಪ್ಪನೇ ಅಂದ. ನಿನಗೆ ಕೇಳಿ ಖುಷಿಯಾಗಬಹುದು ಎಂದು ಬರೆದೆ.

ಭಾಯಿ, ಒಂದು ಮಾತು. ಮಂಗ ಬಂದದ್ದರ ಸುದ್ದಿ ಕೋರ್ಟಿನಲ್ಲಿ ಎತ್ತಬೇಡ. ಒಪ್ಪಿಸುವ ಗಡುವು ದಾಟಿದ ಮೇಲೆ ಕೋವಿಗೆ ಮದ್ದು ಹಾಕಿದ್ದು ಎಂದಾದರೆ ಲೈಸೆನ್ಸ್ ನಮ್ಮ ಮನೆಗೆ ಮತ್ತೆ ಸಿಗುವುದಿಲ್ಲ. ಅಜ್ಜನ ಕಾಲದ್ದು. ಮಂಗ, ಹಂದಿ ಕಾಯಲು ಬೇರೆ ಏನಿದೆ ನಮಗೆ?

ಉಲ್ಲಾಸ

*

ಶಿರಸಿ
15 ಜನವರಿ 2020

ಉಲ್ಲಾಸ,

ಮಂಗದ ಸುದ್ದಿ ನಾನು ಎತ್ತಿರಲೇ ಇಲ್ಲವಲ್ಲ ಮಾರಾಯ. ಆ ದಿನ ಮಂಗ ಬಂದಿತ್ತು ಎಂದು ನನಗೆ ಗೊತ್ತಾದದ್ದೇ ನಿನ್ನ ಪತ್ರದಿಂದ.

ಈಗ ಪೂರ್ತಿ ಕಾಣುತ್ತಿದೆ. ಬೆಳಿಗ್ಗೆ ಮಂಗ ಬಂತು. ನೀನು ಮದ್ದು ಹಾಕಿ ಕೇಪು ಕೂರಿಸಿದೆ. ಹೊಡೆಯುವುದರೊಳಗೆ ಅವು ಹೋದವು. ಮೆಲ್ಲಗೆ ಕುದುರೆ ಇಳಿಸಿ ಜಗುಲಿಗೆ ಒರಗಿಸಿದೆ. ಗಾಳಿಗೆ ಹೊಡೆದು ಖಾಲಿ ಮಾಡಿದರೆ ಸದ್ದು ಹೆದ್ದಾರಿಯವರೆಗೆ ಕೇಳುತ್ತದೆ. ಬಿರಡೆ ಎಳೆದು ಮದ್ದು ಸುರಿಯಲು ಅರ್ಧ ಗಂಟೆ ಬೇಕು, ನಾನಾಗಲೇ ಹಾರ್ನ್ ಹೊಡೆಯುತ್ತಿದ್ದೆ. ಕೇಪು ತೆಗೆದರೆ ಸಾಕು ಅಂದುಕೊಂಡೆ, ಅದನ್ನೂ ಮರೆತೆ. ಹೌದೋ ಅಲ್ಲವೋ ಹೇಳಬೇಡ. ಒಲೆಗೆ ಹಾಕುವ ಪತ್ರಕ್ಕೆ ಉತ್ತರ ಯಾಕೆ.

ಶಾಕಿರಾ ಈ ನಿನ್ನ ಪತ್ರವನ್ನು ವಕೀಲರಿಗೆ ಕೊಡು ಎನ್ನುತ್ತಾಳೆ. ಕೊಡುವುದಿಲ್ಲ ಎಂದೆ. ಎರಡು ದಿನ ಮಾತು ಬಿಟ್ಟಳು. ನಾನು ಯೋಚನೆ ಮಾಡಿದೆ, ಕೋರ್ಟಿನಲ್ಲಿ ನಿನ್ನನ್ನು ಎಳೆದರೆ ಬೈರಣ್ಣ ಎದ್ದು ಬರುತ್ತಾನೆಯೇ? ಮಂಜಿ ಅವ್ವ ಗಂಡನನ್ನು ಕಳೆದುಕೊಂಡಿದ್ದಾಳೆ, ಮಗನೇ ಕಾರಣ ಎಂದು ಊರೆದುರು ಕೇಳಬೇಕೇ? ಅದು ಬೇಡ.

ಆದರೆ ಮನೆಯೊಳಗೆ ಅವಳಿಗೊಬ್ಬಳಿಗೆ ಹೇಳು. ನಾನು ಕೇಳುವುದು ಇಷ್ಟೇ, ಇನ್ನು ಕಡಿಮೆ ಮಾಡಲು ಬರುವುದಿಲ್ಲ. ನನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಒಂದು ತಿಂಗಳು ನನಗೆ ಗಂಜಿ ಬಡಿಸಿದವಳು ಅವಳು. ನನ್ನ ಹೆಸರಿಗೆ ಅವಳು ಎಲೆ ಬಿಟ್ಟು ಏಳುತ್ತಾಳೆ ಎಂದು ನೀನು ಬರೆದ ದಿನದಿಂದ ನನಗೂ ಊಟ ಸೇರುತ್ತಿಲ್ಲ. ಇಕ್ಬಾಲ ಕೇಳಿದ್ದ, ನಾನು ಖಾಲಿ ಎಂದಿದ್ದೆ ಎಂದು ಹೇಳು. ಅಷ್ಟು ಹೇಳಿದರೆ ಕೋರ್ಟಿನಲ್ಲಿ ನಾನು ತಪ್ಪೊಪ್ಪಿಕೊಳ್ಳುತ್ತೇನೆ. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ.

ಇಕ್ಬಾಲ್

*

ಇಡಗುಂದಿ
10 ಫೆಬ್ರವರಿ 2020

ಪ್ರೀತಿಯ ಇಕ್ಬಾಲ್ ಭಾಯಿಗೆ,

ಅವ್ವನಿಗೆ ಹೇಳಿದೆ.

ಮೊನ್ನೆ ಶನಿವಾರ ಅವಳು ಹಿತ್ತಲಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಳು. ಹತ್ತಿರ ಕೂತು ಎಲ್ಲ ಹೇಳಿದೆ. ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇಕ್ಬಾಲಂದು ತಪ್ಪಿಲ್ಲ, ಅಂವ ನಾಲ್ಕು ಕಾಲ ಬಾಳ್ಲಿ ಅಂತ ಬರಿ" ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿನಗೂ ಹಾಗೇ ಆಗಲಿ ಭಾಯಿ.

ನೀನು ದೊಡ್ಡ ಮನಸ್ಸಿನವನು. ಕೋರ್ಟಿನ ಮಾತು ನೀನೇ ಹೇಳಿದ್ದರಿಂದ ನೆನಪಿಸುತ್ತಿದ್ದೇನೆ. ತಪ್ಪೊಪ್ಪಿಕೊಂಡರೆ ಸಣ್ಣ ದಂಡದಲ್ಲೇ ಮುಗಿಯುತ್ತದೆ ಎಂದು ನಮ್ಮ ವಕೀಲರೂ ಹೇಳಿದರು. ಕೇಸು ಮುಗಿಯದೆ ಕೋವಿ ಬಿಡಿಸಿಕೊಳ್ಳಲು ಬರುವುದಿಲ್ಲವಂತೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಅವ್ವನನ್ನು ನೋಡಲು ಸದ್ಯಕ್ಕೆ ಬರಬೇಡ. ಹಳೆಯದೆಲ್ಲ ಮತ್ತೆ ಎದ್ದರೆ ಅವಳಿಗೆ ತಡೆಯಲಾಗುವುದಿಲ್ಲ.

ನಿನ್ನ ತಮ್ಮನಂಥವ
ಉಲ್ಲಾಸ

*

ಶಿರಸಿ
18 ಅಕ್ಟೋಬರ್ 2022

ಪ್ರೀತಿಯ ಉಲ್ಲಾಸನಿಗೆ,

ಎರಡೂವರೆ ವರ್ಷ ನಾವಿಬ್ಬರೂ ಬರೆಯಲಿಲ್ಲ. ರೋಗ ಬಂತು, ಕೋರ್ಟು ಮುಚ್ಚಿತು, ತೆರೆಯಿತು, ತಾರೀಕು ಬಿತ್ತು. ಅಫ್ಸಾನಾ ಹೋದಳು, ಎರಡನೇ ಅಲೆಯಲ್ಲಿ. ನಿನಗೆ ಯಾರಾದರೂ ಹೇಳಿರಬೇಕು ಅಂದುಕೊಂಡಿದ್ದೆ.

ನಿನ್ನೆ ಕೇಸು ಮುಗಿಯಿತು. ನ್ಯಾಯಾಧೀಶರು ಓದಿ ಹೇಳಿ, "ಒಪ್ಪಿಕೊಳ್ಳುತ್ತೀರಾ?" ಎಂದರು. ಹೌದು ಎಂದೆ. ದಂಡ ಕಟ್ಟಿ, ಕೋರ್ಟು ಏಳುವ ತನಕ ಅಲ್ಲೇ ಬೆಂಚಿನ ಮೇಲೆ ಕೂರುವ ಶಿಕ್ಷೆ. ಕೂತೆ. ಮಧ್ಯಾಹ್ನ ನಮಾಜಿನ ಹೊತ್ತಿಗೂ ಏಳಲಿಲ್ಲ. ನೀನು ಬರಬಹುದು ಎಂದು ಬಾಗಿಲ ಕಡೆ ನೋಡುತ್ತಿದ್ದೆ.

ಶಾಕಿರಾ ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು. "ಈಗ ಬ್ಯಾಡ್ಜ್ ಕೊಡ್ತಾರಾ?" ಕೊಡುವುದಿಲ್ಲ. ಬಾಡಿಗೆ ಗಾಡಿಯ ಬ್ಯಾಡ್ಜಿಗೆ ಪೊಲೀಸ್ ಪರಿಶೀಲನೆ ಬೇಕು, ಅಲ್ಲಿ ಶಿಕ್ಷೆ ಎಂದು ಬರೆದಿರುತ್ತದೆ. ಇನ್ನು ನಾನು ಡ್ರೈವರ್ ಅಲ್ಲ. ನನ್ನ ಅಪ್ಪ ಸ್ಟೇರಿಂಗಿನ ಹಿಂದೆಯೇ ಮುದುಕನಾದ, ನಾನು ಹೊಲಿಗೆ ಮೆಷಿನ್ನಿನ ಹಿಂದೆ ಆಗುತ್ತೇನೆ. ಇರಲಿ. ಮಂಜಿ ಅವ್ವನಿಗೆ ಗೊತ್ತಿದೆಯಲ್ಲ, ಅದೇ ನನಗೆ ಸಾಕು. ಬೆಂಚಿನ ಮೇಲೆ ಕೂತಾಗಲೂ ಅದನ್ನೇ ನೆನೆಸಿಕೊಂಡೆ. ಜಗತ್ತೆಲ್ಲ ಏನೇ ಬರೆದುಕೊಳ್ಳಲಿ, ಇಡಗುಂದಿಯಲ್ಲಿ ಒಬ್ಬ ಹಣ್ಣು ಮುದುಕಿಗೆ ಸತ್ಯ ಗೊತ್ತಿದೆ.

ಕೋವಿ ನಿನ್ನ ಕೈಗೆ ಬರುತ್ತದೆ. ಅದಕ್ಕೊಂದು ಚೀಲ ಹೊಲಿದಿದ್ದೇನೆ, ಒಳಗೆ ಕಂಬಳಿ, ಹೊರಗೆ ತಾಡಪತ್ರಿ. ಕುದುರೆಯ ಜಾಗದಲ್ಲಿ ದಪ್ಪ ಚರ್ಮ ಕೂರಿಸಿದ್ದೇನೆ, ಏನೇ ಬಡಿದರೂ ಕೇಪಿಗೆ ಪೆಟ್ಟು ಮುಟ್ಟಬಾರದು. ಯಲ್ಲಾಪುರ ಬಸ್ಸಿನಲ್ಲಿ ಕಳಿಸುತ್ತೇನೆ. ಅವ್ವನನ್ನು ಒಂದು ಸಲ ನೋಡಬೇಕೆಂದಿದೆ. ಯಾವ ದಿನ ಬರಲಿ?

ನಿನ್ನ
ಇಕ್ಬಾಲ್

*

ಇಡಗುಂದಿ
9 ನವೆಂಬರ್ 2022

ಇಕ್ಬಾಲ್ ಭಾಯಿಗೆ,

ಚೀಲ ಮುಟ್ಟಿತು. ಚೆನ್ನಾಗಿದೆ. ಅಫ್ಸಾನಾಳ ಸುದ್ದಿ ಗೊತ್ತಿರಲಿಲ್ಲ, ಬೇಸರವಾಯಿತು.

ಅವ್ವನಿಗೆ ಈಗ ಮರೆವು. ಯಾರನ್ನೂ ಗುರುತಿಸುವುದಿಲ್ಲ. ನೀನು ಬಂದರೂ ಪ್ರಯೋಜನವಿಲ್ಲ. ಬರಬೇಡ.

ಉಲ್ಲಾಸ

*

ಇಡಗುಂದಿ
3 ಏಪ್ರಿಲ್ 2023

ಪ್ರೀತಿಯ ಇಕ್ಬಾಲ್ ಭಾಯಿಗೆ,

ಆರೋಗ್ಯವೇ? ಶಾಕಿರಕ್ಕ, ಮಕ್ಕಳು ಹೇಗಿದ್ದಾರೆ? ಲೈಸೆನ್ಸ್ ವಾರಸಾ ಆಗಿ ನನ್ನ ಹೆಸರಿಗೆ ಬಂತು, ಕೋವಿಯೂ ಬಂತು. ಎಲ್ಲ ನಿನ್ನ ದಯೆ.

ಮತ್ತೆ ಎಲೆಕ್ಷನ್. ಈ ತಿಂಗಳ ಹದಿನೈದರೊಳಗೆ ಒಪ್ಪಿಸಬೇಕು. ಬೈಕಿನಲ್ಲಿ ಒಯ್ಯಲು ಮಮತಾ ಬಿಡುವುದಿಲ್ಲ. ಪರಿಚಯದವನ ಓಮ್ನಿಯಲ್ಲಿ ಹೋಗುವವನಿದ್ದೇನೆ, ಆದರೆ ನಿಜ ಹೇಳುತ್ತೇನೆ ಭಾಯಿ, ಅದನ್ನು ಗಾಡಿಗೆ ಇಡಲು ನನಗೆ ಧೈರ್ಯವಿಲ್ಲ. ಬಾಯಿ ಯಾವ ಕಡೆ, ಎಲ್ಲೆಲ್ಲಿ ಕಟ್ಟುವುದು, ಇಳಿಸುವಾಗ ಹೇಗೆ, ನಿನಗೆ ಗೊತ್ತಿದ್ದಷ್ಟು ಈ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ನೀನೇ ಒಂದು ದಿನ ಬಂದು ಇಟ್ಟುಕೊಟ್ಟರೆ ಎಂದು ಆಸೆ. ಇಲ್ಲದಿದ್ದರೆ ಬರೆದಾದರೂ ಕಳಿಸು.

ನಿನ್ನ
ಉಲ್ಲಾಸ

*

ಶಿರಸಿ
7 ಏಪ್ರಿಲ್ 2023

ಶ್ರೀ ಉಲ್ಲಾಸ ಬೈರ ಗೌಡ ಅವರಿಗೆ,

ನಿಮ್ಮ ಪತ್ರ ಇವತ್ತು ಬಂತು. ನಾನು ಬರುವುದಿಲ್ಲ. ಕೇಳಿದ್ದನ್ನು ಕೆಳಗೆ ಬರೆದಿದ್ದೇನೆ. ಅದಕ್ಕೆ ಮೊದಲು ಒಂದು ಸಂಗತಿ ಹೇಳಬೇಕು.

ಫೆಬ್ರವರಿಯಲ್ಲಿ ನಿಮ್ಮ ಮನೆಯವರು ಮಂಜಿ ಅವ್ವನನ್ನು ಇಲ್ಲಿನ ಕಣ್ಣಿನ ಆಸ್ಪತ್ರೆಗೆ ಕರೆತಂದಿದ್ದರು. ನಾನು ಅಲ್ಲಿಯ ವ್ಯಾನಿನ ಸೀಟು ಹೊಲಿದು ಕೊಡಲು ಹೋಗಿದ್ದೆ. ಮಮತಾ ಔಷಧಿಗೆ ಸಾಲಿನಲ್ಲಿ ನಿಂತಿದ್ದಳು. ಅವ್ವ ಒಬ್ಬಳೇ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬೆಂಚಿನ ಮೇಲಿದ್ದಳು. ನಾನು ಕಾಂಪೌಂಡರ್ ಜೊತೆ ಮಾತಾಡುತ್ತಿದ್ದೆ. ಅವಳು ತಲೆ ಎತ್ತಿ, "ಇಕ್ಬಾಲಾ ಅಲ್ಲಾ?" ಎಂದಳು. ಯಾರನ್ನೂ ಗುರುತಿಸುವುದಿಲ್ಲ ಎಂದು ನೀವು ಬರೆದಿದ್ದಿರಿ. ಕಣ್ಣು ಕಟ್ಟಿಕೊಂಡು, ಬರೀ ದನಿಯಲ್ಲಿ ಗುರುತಿಸಿದಳು.

ಪಕ್ಕದಲ್ಲಿ ಕೂತೆ. ನನ್ನ ಕೈ ಹಿಡಿದುಕೊಂಡಳು. ನಾನೇ ಮಾತು ತೆಗೆದೆ. ಉಲ್ಲಾಸ ನಿನಗೆ ಎಲ್ಲ ಹೇಳಿದನಂತಲ್ಲ ಅವ್ವಾ, ನನ್ನನ್ನು ಹರಸಿದೆಯಂತಲ್ಲ, ಅದೊಂದರಿಂದ ನಾನು ಬದುಕಿದೆ ಎಂದೆ.

"ಅಂವ ನಂಗೆ ಎಂತಾನೂ ಹೇಳ್ಲಿಲ್ಲ ಮಗಾ" ಎಂದಳು. "ಹೇಳುದ್ ಬೇಕಾ? ಮಂಗ ಬಂದವೆ, ಕೋವಿ ತಕಾ ಅಂತ ಆ ದಿನ ಹೇಳ್ದವ್ಳು ನಾನೇಯಾ. ಅಂವ ಮದ್ದು ಜಡಿದದ್ದು ಕಂಡೆ. ಸದ್ದು ಕೇಳ್ಲಿಲ್ಲ. ಸದ್ದು ಕೇಳ್ಲಿಲ್ಲ ಅಂದ್ರೆ ಮದ್ದು ಒಳಗೇ ಅದೆ ಅಂತ ಕೋವಿ ಮನೆ ಹೆಂಗ್ಸಿಗೆ ಗೊತ್ತಾಗುದಿಲ್ವಾ? ನೀವು ಜೀಪು ಹತ್ತುವಾಗ ನಾ ಒಳಗೆ ರೊಟ್ಟಿ ಬೇಯ್ಸ್ತಿದ್ದೆ. ಖಾಲಿ ಮಾಡಿರ್ಬೇಕು ಅಂದ್ಕಂಡೆ. ಸುದ್ದಿ ಬಂದ ಗಳಿಗೇಲೇ ಗೊತ್ತಾತು."

ನನ್ನ ಹೆಸರಿಗೆ ಎಲೆ ಬಿಟ್ಟು ಏಳುತ್ತಿದ್ದಿಯಂತಲ್ಲ ಎಂದು ಕೇಳಿದೆ. "ಏಳ್ತಿದ್ದೆ. ಸಿಟ್ಟಿಗಲ್ಲ. ಗಂಟ್ಲಲ್ಲಿ ಇಳೀತಿರ್ಲಿಲ್ಲ" ಎಂದಳು.

ಹಾಗಾದರೆ ಯಾಕೆ ಒಂದು ಮಾತು ಆಡಲಿಲ್ಲ ಎಂದು ಕೇಳಿದೆ. ಅವಳ ಉತ್ತರವನ್ನು ಹಾಗೇ ಬರೆಯುತ್ತೇನೆ. "ಒಬ್ರು ಹೋದ್ರು. ಇನ್ನೊಬ್ನ ಎಲ್ಲಿಂದ ತರ್ಲಿ? ನೀನು ಹೊರಗಿನಂವ, ತಡ್ಕಳ್ತೆ ಅಂದ್ಕಂಡೆ." ನನ್ನ ಕೈ ಅವಳ ಕೈಯಲ್ಲೇ ಇತ್ತು. ಮಮತಾ ಔಷಧಿ ತಗೊಂಡು ಬರುವುದು ಕಂಡು ನಾನೇ ಬಿಡಿಸಿಕೊಂಡು ಎದ್ದೆ.

ಅವಳ ಮಗನಿಗೆ ಅವಳು ಹೇಳಲಿಲ್ಲ, ಮಗ ಅವಳಿಗೆ ಹೇಳಲಿಲ್ಲ. ಒಂದೇ ಸೂರಿನಡಿ ನಾಲ್ಕು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಿಕೊಂಡಿರಿ. ನಾನು ಇಲ್ಲಿಂದ ನಿಮ್ಮಿಬ್ಬರನ್ನೂ ಕಾಪಾಡಿದೆ. ತಾಯಿಯ ಮನಸ್ಸು ನೋಯಬಾರದೆಂದು ಜೀಪು ಕೊಟ್ಟೆ, ಬ್ಯಾಡ್ಜ್ ಕೊಟ್ಟೆ, ಅಪರಾಧಿ ಎಂದು ಬರೆಸಿಕೊಂಡೆ. ನೋಯಲು ಅಲ್ಲಿ ಏನೂ ಬಾಕಿ ಇರಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬಂದಿದೆ ಕೂಡ. ಅವಳ ಗಂಜಿ ಉಂಡ ಬಾಯಲ್ಲಿ ಅದನ್ನು ಹೇಳಲು ಬರುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಒಂದು ಲೋಟ ಚಹಾಕ್ಕೆ ಹೋಯಿತು.

ಕೋವಿಯ ಬಾಯಿ ಹಿಂದಕ್ಕೆ ಹೇಗಾಯಿತು ಎಂದು ಕೇಳಿದ್ದಿರಿ. ಈಗ ಹೇಳುತ್ತೇನೆ. ನಾನು ಯಾವಾಗಲಿನಂತೆ ನನ್ನ ಬೆನ್ನಿನ ಕಡೆಗೇ ಇಟ್ಟಿದ್ದೆ. ನಿಮ್ಮ ತಂದೆ ಜೀಪು ಹತ್ತುವ ಮೊದಲು ಬಗ್ಗಿ ನೋಡಿ, "ಖಾಲಿ ಆದ್ರೂ ಕೋವಿ ಕೋವಿನೇಯಾ. ಮಕ್ಕಳೊಂದಿಗ ನೀನು, ನಿನ್ ಬೆನ್ನಿಗೆ ಬ್ಯಾಡ" ಎಂದು ತಾವೇ ತಿರುಗಿಸಿ ಇಟ್ಟರು. ಬೇಡ ಎಂದೆ, ಕೇಳಲಿಲ್ಲ. ಆ ಬಾಯಿಯನ್ನೇ ಹಿಡಿದು ಎಳೆದರು. ನನ್ನ ಜೀವ ಉಳಿಸಲು ಹೋಗಿ ಸತ್ತರು ಎಂದು ನಿಮಗೆ ಗೊತ್ತಾದರೆ ನೀವು ತಡೆಯಲಾರಿರಿ ಎಂದು ಮುಚ್ಚಿಟ್ಟಿದ್ದೆ. ತಡೆಯುತ್ತೀರಿ. ನಿಮ್ಮ ಮನೆಯವರಿಗೆ ಆ ಶಕ್ತಿ ಇದೆ. ಆ ಮನೆಯಲ್ಲಿ ನನ್ನನ್ನು ಹೊರಗಿನವನು ಎಂದುಕೊಳ್ಳದವರು ಅವರೊಬ್ಬರೇ ಇದ್ದರು.

ಇನ್ನು ಕೋವಿ ಒಯ್ಯುವ ಕ್ರಮ.

ಚೀಲಕ್ಕೆ ಹಾಕುವ ಮೊದಲು ಒಣ ಬಟ್ಟೆಯಲ್ಲಿ ನಳಿಗೆ ಒರೆಸಿ, ಬೆವರು ತಾಗಿದರೆ ತುಕ್ಕು ಹಿಡಿಯುತ್ತದೆ. ಕೇಪು ಇದ್ದರೆ ಉಗುರಿನಿಂದ ಎಬ್ಬಿಸಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕುದುರೆಯ ಕೆಳಗೆ ಚರ್ಮದ ತುಂಡು ಇಡಿ. ಗಾಡಿಯ ಅಡ್ಡಕ್ಕೆ ಇಡಬೇಡಿ, ಉದ್ದಕ್ಕೆ ಮಲಗಿಸಿ. ಕೆಳಗೆ ಕಂಬಳಿ ಎರಡು ಮಡಿಕೆ ಇರಲಿ. ಹಿಡಿಯ ಹತ್ತಿರ ಒಂದು, ನಳಿಗೆಯ ನಡುವೆ ಒಂದು, ಎರಡು ಕಡೆ ಬಟ್ಟೆಯ ಪಟ್ಟಿಯಿಂದ ಕಟ್ಟಿ. ಹಗ್ಗ ಬೇಡ, ಹಗ್ಗ ಜಾರುತ್ತದೆ. ಬಾಯಿ ಗಾಡಿ ಓಡಿಸುವವನ ಕಡೆಗಿರಲಿ. ಓಮ್ನಿಯವನು ಒಪ್ಪದಿದ್ದರೆ ಆ ಸೀಟಿನಲ್ಲಿ ನೀವು ಕೂರಿ. ಇಳಿಸುವಾಗ ಹಿಡಿಯ ಕಡೆಯಿಂದಲೇ ಎಳೆಯಿರಿ. ಬೇರೆ ಯಾರಿಗೂ ಮುಟ್ಟಲು ಬಿಡಬೇಡಿ, ಎಷ್ಟೇ ಹತ್ತಿರದವರಾದರೂ.

ಇವೆಲ್ಲದಕ್ಕೂ ಮೊದಲು ಜಗುಲಿಯಲ್ಲೇ ನಿಂತು ಗಜ ಹಾಕಿ. ಗೆರೆ ನಾಲ್ಕು ಬೆರಳು ಮೇಲೆ ನಿಂತಿದೆಯೋ ನೋಡಿ. ಖಾಲಿ ಎಂದು ಯಾರೇ ಹೇಳಲಿ, ಹಾಕಿ ನೋಡಿ. ಹೇಳಿದವರು ನೀವೇ ಆಗಿದ್ದರೂ ಹಾಕಿ ನೋಡಿ.

ಇಕ್ಬಾಲ್ ಸತ್ತಾರ್ ಶೇಖ್
ಸೀಟ್ ಕವರ್ ಕೆಲಸ, ಶಿರಸಿ